ಅಟ್ಟದ ಮೇಲಿನ ಗ್ಯಾಸ್ ಲೈಟ್ ಮತ್ತೆ ಹೊತ್ತಿಸಬಹುದಾ?

ಪ್ರಶ್ನೆ: ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಅಜ್ಜನ ಕಾಲದ ಪೆಟ್ರೋಮ್ಯಾಕ್ಸ್ ಸಿಕ್ಕಿತು. ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ತುಂಬಿ ಹೊತ್ತಿಸಿದರೆ ಆಗುತ್ತಾ? ಜಾತ್ರೆಗೆ ಊರಲ್ಲಿ ಬಯಲಾಟ ಇದೆ, ಅಲ್ಲಿಗೆ ಒಯ್ಯಬೇಕು ಅಂತ ಆಸೆ.

ಹೊತ್ತಿಸಬಹುದು. ಅಟ್ಟದಿಂದ ಇಳಿದ ಬಹಳಷ್ಟು ಲೈಟುಗಳು ಮತ್ತೆ ಉರಿಯುತ್ತವೆ. ಆದರೆ ತಿಕ್ಕುವುದು, ಎಣ್ಣೆ ತುಂಬುವುದು ಎಲ್ಲ ಆಮೇಲೆ. ಟ್ಯಾಂಕಿನಲ್ಲಿ ಗಾಳಿ ನಿಲ್ಲುತ್ತದಾ ಇಲ್ವಾ, ಅದು ಮೊದಲು ಗೊತ್ತಾಗಬೇಕು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ನನ್ನ ಮೊದಲ ಲೈಟು ಗಂಗಾವತಿಯ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಎರಡು ದಿನ ಕೂತು ತಿಕ್ಕಿದೆ. ಮೂರನೇ ದಿನ ಸಂಜೆ ಅಂಗಳದಲ್ಲಿ ಹೊತ್ತಿಸಿದೆ. ಪಂಪ್ ಹೊಡೆದ ಗಾಳಿ ನಿಲ್ಲುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪಂಪಿನ ಬಾಯಿಂದ ಎಣ್ಣೆ ಜಿನುಗಿತು. ಟ್ಯಾಂಕಿನ ಮೇಲೆ ಹರಿದು, ಅದಕ್ಕೂ ಬೆಂಕಿ ಹತ್ತಿತು. ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಟ್ಟುಕೊಂಡಿದ್ದೆ, ಅದೇ ಕಾಪಾಡಿತು. ಮರುದಿನ ಕೊಪ್ಪಳದಲ್ಲಿ ಪಂಪ್ ಸ್ಟೌ ರಿಪೇರಿ ಮಾಡುವ ಅಜ್ಜರೊಬ್ಬರ ಮುಂದೆ ಲೈಟು ಇಟ್ಟೆ. ಅವರು ಅದರ ಹೊಳಪಿನ ಕಡೆ ನೋಡಲೇ ಇಲ್ಲ. ಪಂಪಿನ ಗುಂಡಿ ಒಂದು ಸಲ ಒತ್ತಿ ಬಿಟ್ಟರು. ಅದು ತಾನೇ ಮೆಲ್ಲಗೆ ಮೇಲೆ ಎದ್ದು ಬಂತು.

"ನೋಡಿದಿ ತಮ್ಮಾ? ಒಳಗಿನ ಗಾಳಿ ವಾಪಸ್ ಬರಾಕತ್ತೈತಿ. ಮೊದ್ಲು ಗಾಳಿ ನಿಲ್ಲಸು. ಬೆಳಕು ಆಮ್ಯಾಲ."

ಈ ಮಾತು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಲು ಲೈಟು ಹೇಗೆ ಉರಿಯುತ್ತದೆ ಅಂತ ಗೊತ್ತಿರಬೇಕು. ಕಂದೀಲಿನ ಹಾಗೆ ಇದಕ್ಕೆ ಎಣ್ಣೆ ಹೀರುವ ಬತ್ತಿ ಇಲ್ಲ. ಪಂಪ್ ಹೊಡೆದಾಗ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಏರುತ್ತದೆ. ಆ ಒತ್ತಡ ಸೀಮೆಎಣ್ಣೆಯನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ಕೊಳವೆ ಬಿಸಿಯಾಗಿರುವುದರಿಂದ ಎಣ್ಣೆ ಅಲ್ಲೇ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ರಭಸವಾಗಿ ಹೊರಗೆ ಬರುತ್ತದೆ. ಬರುವಾಗ ಹೊರಗಿನ ಗಾಳಿಯನ್ನೂ ಎಳೆದುಕೊಂಡು, ಮ್ಯಾಂಟಲ್ ಅನ್ನುವ ಚಿಕ್ಕ ಬಲೆಯ ಚೀಲದೊಳಗೆ ಹೋಗಿ ನೀಲಿಯಾಗಿ ಉರಿಯುತ್ತದೆ. ಬೆಳಕು ಕೊಡುವುದು ಆ ಜ್ವಾಲೆ ಅಲ್ಲ, ಕಾದು ಬೆಳ್ಳಗಾದ ಮ್ಯಾಂಟಲ್. ಜ್ವಾಲೆಯ ಬಿಸಿಯೇ ಕೊಳವೆಯನ್ನೂ ಕಾಯಿಸುತ್ತಿರುವುದರಿಂದ ಉರಿ ತಾನಾಗಿ ಮುಂದುವರಿಯುತ್ತದೆ. ಗಾಳಿ ಕಡಿಮೆಯಾದರೆ ಬೆಳಕು ಕೆಂಪಾಗಿ ಮಂಕಾಗುತ್ತದೆ. ಗಾಳಿ ಬೇಡದ ಕಡೆ ಸೋರಿದರೆ ಅದರ ಜೊತೆ ಎಣ್ಣೆಯೂ ಹೊರಗೆ ಬರುತ್ತದೆ. ಪಕ್ಕದಲ್ಲೇ ಬೆಂಕಿ ಇರುತ್ತದೆ, ಅಲ್ವಾ?

ಹಾಗಾಗಿ ಕೆಲಸ ಪಂಪಿನಿಂದ ಶುರುವಾಗಲಿ. ಪಂಪಿನ ಮುಚ್ಚಳ ತಿರುಗಿಸಿ, ಕೋಲನ್ನು ಹೊರಗೆ ಎಳೆಯಿರಿ. ತುದಿಯಲ್ಲಿ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ಮೂವತ್ತು ವರ್ಷ ಒಣಗಿದ್ದು ಹಪ್ಪಳದ ಹಾಗಾಗಿರುತ್ತದೆ. ಬಿರುಕು ಬಿಟ್ಟಿರದಿದ್ದರೆ ಎಸೆಯಬೇಡಿ. ಹೊಲಿಗೆ ಮಷೀನ್ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಅದರ ಅಂಚನ್ನು ಬೆರಳಿನಿಂದ ಮೆಲ್ಲಗೆ ಹೊರಕ್ಕೆ ಅರಳಿಸಿ. ಅಡುಗೆ ಎಣ್ಣೆ ಬೇಡ, ದಿನ ಹೋದಂತೆ ಅಂಟಂಟಾಗುತ್ತದೆ. ವಾಷರ್ ಹೋಗಿದ್ದರೆ ಸ್ಟೌ ರಿಪೇರಿಯವರ ಹತ್ತಿರ ಅಳತೆ ಹೊಂದುವಂಥದ್ದು ಕೇಳಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಪೇಟೆಗಳಲ್ಲಿ ಈ ಕೆಲಸ ಬಲ್ಲವರು ಇನ್ನೂ ಸಿಗುತ್ತಾರೆ. ಪಂಪ್ ಸ್ಟೌವಿಗೂ ಈ ಲೈಟಿಗೂ ಪಂಪಿನ ವಿದ್ಯೆ ಒಂದೇ.

ಪಂಪಿನ ಕೊಳವೆಯ ತಳದಲ್ಲಿ ಇನ್ನೊಂದು ಚಿಕ್ಕ ವಾಲ್ವ್ ಇದೆ. ಗಾಳಿಯನ್ನು ಒಳಗೆ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ನನ್ನ ಲೈಟಿನ ಗುಂಡಿ ತಾನೇ ಎದ್ದದ್ದು ಇದು ಕೆಟ್ಟಿದ್ದಕ್ಕೆ. ಒಳಗಿನ ರಬ್ಬರ್ ತುಂಡು ಕಲ್ಲಾಗಿತ್ತು. ಸಾಸಿವೆಗಿಂತ ತುಸು ದೊಡ್ಡ ತುಂಡು ಅದು. ಅಷ್ಟಕ್ಕೆ ಅಂಗಳದಲ್ಲಿ ಬೆಂಕಿ ಎದ್ದಿತ್ತು! ಇದನ್ನು ಬಿಚ್ಚಲು ಉದ್ದನೆಯ ಸರಿಯಾದ ಕೀಲಿ ಬೇಕು. ಸ್ಕ್ರೂಡ್ರೈವರ್ ಹಾಕಿ ಒತ್ತಾಯ ಮಾಡಿದರೆ ಹಿತ್ತಾಳೆಯ ತಿರುಪಿನ ಗೆರೆ ಹಾಳಾಗುತ್ತದೆ. ಈ ಒಂದು ಕೆಲಸ ರಿಪೇರಿಯವರಿಗೇ ಬಿಡಿ. ಎಣ್ಣೆ ತುಂಬುವ ಮುಚ್ಚಳದ ರಬ್ಬರನ್ನೂ ಅಲ್ಲೇ ಹೊಸದು ಹಾಕಿಸಿಕೊಳ್ಳಿ.

ಟ್ಯಾಂಕಿನ ಒಳಗೆ ಹಳೇ ಎಣ್ಣೆ ಕಂದು ಅಂಟಾಗಿ ಕೂತಿರುತ್ತದೆ. ಸ್ವಲ್ಪ ಹೊಸ ಸೀಮೆಎಣ್ಣೆ ಮತ್ತು ಒಂದು ಗೇಣು ಸಣ್ಣ ಸರಪಳಿ ಒಳಗೆ ಬಿಟ್ಟು ಚೆನ್ನಾಗಿ ಕುಲುಕಿ. ಹೊರಬರುವ ಎಣ್ಣೆ ತಿಳಿಯಾಗುವ ತನಕ ಮಾಡಿ. ನಂತರ ಕಾಲು ಭಾಗ ಎಣ್ಣೆ ಹಾಕಿ, ಹೊತ್ತಿಸದೆ ಪಂಪ್ ಹೊಡೆದು, ಎಲ್ಲ ಜೋಡಣೆಗಳಿಗೂ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಗುಳ್ಳೆ ಇಲ್ಲದಿದ್ದರೆ ಕಾಗದದ ಮೇಲೆ ಇಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಹೆಚ್ಚು ಇಳಿದಿರಬಾರದು, ಕಾಗದದ ಮೇಲೆ ಎಣ್ಣೆಯ ಕಲೆ ಇರಬಾರದು.

ಈಗ ಹುಣಸೆಹಣ್ಣಿನ ವಿಷಯ. ಹಳೇ ಲೈಟುಗಳ ಟ್ಯಾಂಕು ಹೆಚ್ಚಾಗಿ ಹಿತ್ತಾಳೆಯದು, ಅದರ ಮೇಲೆ ಬೆಳ್ಳಗೆ ನಿಕ್ಕಲ್ ಲೇಪ ಇರುತ್ತದೆ. ಕೊಡದ ಹಾಗೆ ಹುಣಸೆ, ಉಪ್ಪು, ಬೂದಿ ಹಾಕಿ ಉಜ್ಜಿದರೆ ಲೇಪ ಸವೆದು ಕೆಳಗಿನ ಹಳದಿ ಕಾಣುತ್ತದೆ. ಹುಳಿ ತಿರುಪಿನ ಗೆರೆಗಳ ಸಂದಿಗೆ ಸೇರಿ ಕಿಲುಬು ಹಿಡಿಯುತ್ತದೆ. ಬೆಚ್ಚನೆ ಸೋಪಿನ ನೀರು, ಮೆತ್ತನೆ ಬಟ್ಟೆ, ಇಷ್ಟು ಸಾಕು. ಮಾಸಿದ ನಿಕ್ಕಲ್ ನನಗೆ ಇಷ್ಟ. ಎಷ್ಟು ರಾತ್ರಿ ಕೆಲಸ ಮಾಡಿದೆ ಅಂತ ಅದು ಹೇಳುತ್ತದೆ. ಸಂಗ್ರಹ ಮಾಡುವವರೂ ಮೂಲ ಲೇಪ ಉಳಿದ ಲೈಟಿಗೇ ಜಾಸ್ತಿ ಬೆಲೆ ಕೊಡುತ್ತಾರೆ.

ಟ್ಯಾಂಕು ತೊಳೆದ ಮೇಲೆ ಬಿಸಿಲಿಗೆ ಹಿಡಿದು ತಳದ ಅಂಚು, ಪಂಪಿನ ಸುತ್ತ ನಿಧಾನವಾಗಿ ನೋಡಿ. ಕೂದಲೆಳೆಯಂಥ ಬಿರುಕು ಕಾಣುತ್ತದಾ? ಹಿತ್ತಾಳೆಗೆ ಅಮೋನಿಯಾ ಅಂದರೆ ಆಗದು. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ, ಮಳೆಗಾಲದಲ್ಲಿ ಬಂದೂಕಿನ ಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಗುಂಡಿನ ಹಿತ್ತಾಳೆ ಕವಚಗಳು ಇದ್ದಲ್ಲೇ ಸೀಳು ಬಿಡುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ ಅಂತ 1921ರಲ್ಲಿ ವಿವರಣೆ ಸಿಕ್ಕಿತು. ಬಗ್ಗಿಸಿ, ಒತ್ತಿ ಆಕಾರ ಕೊಟ್ಟ ಹಿತ್ತಾಳೆಯ ಒಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯಾ ತಗುಲಿದರೆ ಅಲ್ಲೇ ಸೀಳುತ್ತದೆ. ನಮ್ಮ ಕಡೆ ಗ್ಯಾಸ್ ಲೈಟು ಎಲ್ಲಿ ತೂಗುಹಾಕುತ್ತಿದ್ದರು? ದನದ ಕೊಟ್ಟಿಗೆಯಲ್ಲಿ! ಹಾಗಾಗಿ ಕೊಟ್ಟಿಗೆಯಲ್ಲಿದ್ದ ಲೈಟಾದರೆ ಎರಡು ಸಲ ಪರೀಕ್ಷಿಸಿ. ಬಿರುಕು ಕಂಡರೆ ಬೆಸುಗೆ ಹಾಕಿಸಿ ಉರಿಸುವ ಯೋಚನೆ ಬೇಡ, ಪಕ್ಕದಲ್ಲಿ ಇನ್ನೊಂದು ಸೀಳು ಕಾದಿರುತ್ತದೆ. ಅಂಥ ಲೈಟನ್ನು ಪಡಸಾಲೆಯಲ್ಲಿ ಇಡಿ, ಹೊತ್ತಿಸಬೇಡಿ.

ಅಂದ ಹಾಗೆ, ನಿಮ್ಮದು ನಿಜವಾಗಿ ಪೆಟ್ರೋಮ್ಯಾಕ್ಸೇನಾ ಅಂತಲೂ ನೋಡಿ. ಅದು ಬರ್ಲಿನ್ನಿನ ಎರಿಚ್ ಅಂಡ್ ಗ್ರೇಟ್ಸ್ ಕಂಪನಿಯ ಹೆಸರು. ಪೆಟ್ರೋಲಿಯಂ ಜೊತೆ ಮ್ಯಾಕ್ಸ್ ಗ್ರೇಟ್ಸ್ ಅವರ ಹೆಸರು ಸೇರಿ ಹಾಗಾಯಿತು. ನಮ್ಮಲ್ಲಿ ಆ ಜಾತಿಯ ಎಲ್ಲ ಲೈಟಿಗೂ ಅದೇ ಹೆಸರು ನಿಂತುಹೋಗಿದೆ. ಟ್ಯಾಂಕಿನ ಮೇಲೆ ಒತ್ತಿದ ಅಕ್ಷರ ಓದಿ. ಸ್ವೀಡನ್ನಿನ ರೇಡಿಯಸ್, ಆಪ್ಟಿಮಸ್, ಇಂಗ್ಲೆಂಡಿನ ಟಿಲ್ಲಿ, ಅಥವಾ ಇಲ್ಲೇ ತಯಾರಾದ ನಕಲು, ಯಾವುದೂ ಇರಬಹುದು. ಅಮೆರಿಕದ ಕೋಲ್ಮನ್ ಲೈಟುಗಳಲ್ಲಿ ಸೀಮೆಎಣ್ಣೆ ಬದಲು ಪೆಟ್ರೋಲಿನಂಥ ಎಣ್ಣೆಯಲ್ಲಿ ಉರಿಯುವಂಥವು ಬಹಳ. ಸೀಮೆಎಣ್ಣೆ ಲೈಟಿಗೆ ಒಂದು ಹನಿ ಪೆಟ್ರೋಲ್ ಕೂಡ ಹಾಕಬಾರದು.

ಮ್ಯಾಂಟಲ್ ಬಗ್ಗೆ ಒಂದು ಮಾತು. ಆಸ್ಟ್ರಿಯಾದ ಕಾರ್ಲ್ ಔವರ್ ಅನ್ನುವ ವಿಜ್ಞಾನಿ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಮೇಲೆ ಅವರೇ ಕಂಡುಕೊಂಡ ಹದ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗಿ ಈ ಬೂದಿಯ ಬಲೆ ಮಾತ್ರ ಉಳಿಯುತ್ತದೆ. ಬೆರಳು ತಾಗಿದರೆ ಉದುರುತ್ತದೆ. ಥೋರಿಯಂ ಸ್ವಲ್ಪ ವಿಕಿರಣ ಸೂಸುತ್ತದೆ. ಹಳೇ ಮ್ಯಾಂಟಲ್ ಒಡೆದರೆ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊತ್ತಿಸುವುದು ಬಯಲಲ್ಲಿ, ಪಕ್ಕದಲ್ಲಿ ಮರಳು ಅಥವಾ ಒದ್ದೆ ಗೋಣಿ ಇಟ್ಟುಕೊಂಡು. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಬಿಟ್ಟು ಎಣ್ಣೆ ಹಾಕಿ. ಗಾಳಿ ಬಿಡುವ ಸ್ಕ್ರೂ ಎಲ್ಲಿದೆ ಅಂತ ಕಣ್ಣುಮುಚ್ಚಿ ಮುಟ್ಟುವಷ್ಟು ಅಭ್ಯಾಸವಾಗಲಿ. ಕೊಳವೆ ಕಾಯಿಸಲು ಒಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ. ಅದು ಪೂರ್ತಿ ಉರಿದು ಆರುವ ಹೊತ್ತಿಗೆ ಸ್ಕ್ರೂ ಬಿಗಿದು ನಿಧಾನವಾಗಿ ಪಂಪ್ ಹೊಡೆಯಿರಿ. ಬುಸ್ ಅನ್ನುವ ಸದ್ದಿನ ಜೊತೆ ಮ್ಯಾಂಟಲ್ ಬೆಳ್ಳಗಾಗುತ್ತದೆ. ಹಳದಿ ಜ್ವಾಲೆ ಮೇಲೆದ್ದರೆ ಕೊಳವೆ ಇನ್ನೂ ಕಾದಿಲ್ಲ ಅಂತ ಅರ್ಥ. ತಕ್ಷಣ ಸ್ಕ್ರೂ ಸಡಿಲಿಸಿ. ಪೂರ್ತಿ ಆರಿ ತಣ್ಣಗಾದ ಮೇಲೆ ಮತ್ತೆ ಸ್ಪಿರಿಟ್ಟಿನಿಂದ ಶುರುಮಾಡಿ. ಆವಿ ಹೊರಬರುವ ಆ ಸಣ್ಣ ತೂತು ಕಟ್ಟಿದರೆ ಹೊಲಿಗೆ ಸೂಜಿ ತೂರಿಸಬೇಡಿ. ತೂತು ಒಂದು ಎಳೆಯಷ್ಟು ಅಗಲವಾದರೂ ಮಸಿ ಉರಿ ಬರುತ್ತದೆ.

ಬಯಲಾಟಕ್ಕೆ ಖಂಡಿತ ಒಯ್ಯಿರಿ. ಐನೂರು ಕ್ಯಾಂಡಲ್ (ಬೆಳಕಿನ ಅಳತೆ) ಲೈಟು ಒಂದು ಲೀಟರ್ ಎಣ್ಣೆಗೆ ಸುಮಾರು 8 ಗಂಟೆ ಉರಿಯುತ್ತದೆ. ರಾತ್ರಿ ಒಂಬತ್ತಕ್ಕೆ ಹೊತ್ತಿಸಿದರೆ ಬೆಳಗಿನ ಐದರ ಹತ್ತಿರ ಬರುತ್ತದೆ. ಚಿಕ್ಕವನಿದ್ದಾಗ ನೋಡಿದ್ದೇನೆ. ದುರ್ಯೋಧನ ಕುಣಿಯುತ್ತಿರುವಾಗಲೇ ಬೆಳಕು ಇಳಿಯುತ್ತಿತ್ತು. ಒಬ್ಬರು ಸುಮ್ನೆ ಎದ್ದು ಬಂದು, ಲೈಟು ಇಳಿಸಿ, ಇಪ್ಪತ್ತು ಸಲ ಪಂಪ್ ಹೊಡೆದು ಮತ್ತೆ ಏರಿಸುತ್ತಿದ್ದರು. ಕಿರೀಟದ ಬೇಗಡೆ ಒಮ್ಮೆಲೇ ಮಿಂಚುತ್ತಿತ್ತು. ಆ ಕೆಲಸಕ್ಕೆ ಒಬ್ಬ ದೊಡ್ಡವರನ್ನು ಗೊತ್ತುಮಾಡಿ, ಬೇರೆ ಯಾರೂ ಮುಟ್ಟುವುದು ಬೇಡ. ಸುಟ್ಟ ಮ್ಯಾಂಟಲ್ ಹಾಕಿಕೊಂಡು ಬೈಕಿನಲ್ಲಿ ಹೋದರೆ ದಾರಿಯಲ್ಲೇ ಉದುರುತ್ತದೆ. ಅಲ್ಲೇ ಹೋಗಿ ಹೊಸದು ಕಟ್ಟಿ, ಜೇಬಿನಲ್ಲಿ ಇನ್ನೆರಡು ಇರಲಿ. ಉರಿಯುವಾಗ ಎಣ್ಣೆ ತುಂಬಬೇಡಿ. ಬೆಳಿಗ್ಗೆ ತಣ್ಣಗಾದ ಮೇಲೆ ಉಳಿದ ಎಣ್ಣೆ ಸುರಿದು, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು, ಮನೆಯೊಳಗೇ ತೂಗುಹಾಕಿ.