ಬೆಳ್ಳಿ ಉಳಿಯಿತು, ಬಣ್ಣ ಹಾರಿತು

ನಮ್ಮೂರ ಟೆಂಟ್ ಸಿನಿಮಾದ ಹಿಂಬದಿಯಲ್ಲಿ ಪ್ರೊಜೆಕ್ಟರ್ ಕೋಣೆಯವರು ಕತ್ತರಿಸಿ ಎಸೆದ ಫಿಲ್ಮ್ ತುಂಡುಗಳು ಸಿಗುತ್ತಿದ್ದವು. ಐದು ಗೋಲಿಗೆ ಒಂದು ತುಂಡು, ಅದರಲ್ಲಿ ಹೀರೊ ಇದ್ದರೆ ಹತ್ತು ಗೋಲಿ. ಸುಟ್ಟ ಬಲ್ಬಿನ ಹೊಟ್ಟೆಗೆ ನೀರು ತುಂಬಿ ಅದನ್ನೇ ಲೆನ್ಸ್ ಮಾಡಿಕೊಂಡು, ಮುಖ ನೋಡುವ ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲೆ ಕೋಣೆಯ ಗೋಡೆಗೆ ಚಿತ್ರ ಬಿಡುತ್ತಿದ್ದೆವು. ಅಂಥ ಎರಡು ತುಂಡು ನನ್ನ ಹಳೆಯ ಕಂಪಾಸ್ ಬಾಕ್ಸಿನಲ್ಲಿ ಉಳಿದುಬಿಟ್ಟಿದ್ದವು. ಈಚೆಗೆ ಕಿಟಕಿಗೆ ಹಿಡಿದು ನೋಡಿದೆ. ಕಪ್ಪುಬಿಳುಪಿನದು ಗೀರು ಬಿದ್ದಿದ್ದರೂ ಗಟ್ಟಿಯಾಗಿತ್ತು, ಕೂದಲೆಳೆ ಕೂಡ ಕಾಣುತ್ತಿತ್ತು. ಬಣ್ಣದ್ದು ಮಾತ್ರ ಪೂರ್ತಿ ಗುಲಾಬಿ. ಆಕಾಶವೂ ಗುಲಾಬಿ, ತೆಂಗಿನಮರವೂ ಗುಲಾಬಿ, ಹೀರೊನ ಬಿಳಿ ಪ್ಯಾಂಟೂ ಗುಲಾಬಿ.

ಹಳೆಯ ಹಾಲಿವುಡ್ ಸ್ಟುಡಿಯೋ ಚಿತ್ರಗಳ ಹೊಸ ಡಿಸ್ಕ್‌ಗಳನ್ನು ನೋಡುವಾಗ ಹುಟ್ಟುವ ಒಂದು ಗೊಂದಲಕ್ಕೆ ಉತ್ತರ ಈ ಎರಡು ತುಂಡುಗಳಲ್ಲೇ ಇದೆ. ಎಂಜಿಎಂ ಸ್ಟುಡಿಯೋದ 'ದಿ ವಿಝರ್ಡ್ ಆಫ್ ಆಝ್' 1939ರದು. 2019ರಲ್ಲಿ ಬಂದ ಅದರ 4ಕೆ ಡಿಸ್ಕ್ ಹಾಕಿ ನೋಡಿ: ಹುಡುಗಿಯ ಕೆಂಪು ಚಪ್ಪಲಿ ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. ಮೂಲ ಕಾದಂಬರಿಯಲ್ಲಿ ಆ ಚಪ್ಪಲಿ ಬೆಳ್ಳಿಯದು. ಬಣ್ಣದ ಫಿಲ್ಮಿಗೆ ಒಪ್ಪಲೆಂದು ಸಿನಿಮಾದವರು ಅದನ್ನು ಕೆಂಪು ಮಾಡಿದರು. ಅದೇ 1955–60ರ ಹೊತ್ತಿನ, ಇದಕ್ಕಿಂತ ದುಡ್ಡು ಸುರಿದು ತೆಗೆದ ಎಷ್ಟೋ ಚಿತ್ರಗಳು ಡಿಸ್ಕಿನಲ್ಲಿ ಹಳೇ ಗೋಡೆ ಕ್ಯಾಲೆಂಡರಿನಂತೆ ಮಂಕಾಗಿವೆ. ಅಜ್ಜಿ ಲಕಲಕ ಅನ್ನುತ್ತಿದ್ದಾಳೆ, ಮೊಮ್ಮಗಳು ಮಾಸಿಹೋಗಿದ್ದಾಳೆ. ಇದು ಹೇಗೆ?

ಅಜ್ಜಿಯ ಕಾಲದಲ್ಲಿ ಟೆಕ್ನಿಕಲರ್ ಎಂಬ ಕಂಪನಿಯ ಕ್ಯಾಮೆರಾದಲ್ಲಿ ಬಣ್ಣದ ಫಿಲ್ಮೇ ಇರಲಿಲ್ಲ. ಲೆನ್ಸಿನ ಹಿಂದೆ ಎರಡು ಪ್ರಿಸಂ ಅಂಟಿಸಿದ ಗಾಜಿನ ಘನ. ಅಂಟಿದ ಮೈಗೆ ತೆಳ್ಳನೆ ಲೋಹದ ಲೇಪ. ಬಂದ ಬೆಳಕಿನಲ್ಲಿ ಒಂದು ಪಾಲು ನೇರ ಹೋಗಿ ಹಸಿರು ಶೋಧಕ ದಾಟಿ ಒಂದು ಫಿಲ್ಮಿಗೆ ಬೀಳುತ್ತದೆ. ಉಳಿದ ಪಾಲು ಪಕ್ಕಕ್ಕೆ ತಿರುಗಿ, ಮುಖಕ್ಕೆ ಮುಖ ಒತ್ತಿದ ಹಾಗೆ ಜೋಡಿಸಿದ ಎರಡು ಫಿಲ್ಮಿಗೆ ಬೀಳುತ್ತದೆ: ಮುಂದಿನದು ನೀಲಿಯನ್ನು, ಹಿಂದಿನದು ಕೆಂಪನ್ನು ದಾಖಲಿಸುತ್ತದೆ. ಮೂರೂ ಅಪ್ಪಟ ಕಪ್ಪುಬಿಳುಪು ಫಿಲ್ಮು. ಬೆಳಕು ಇಷ್ಟೆಲ್ಲ ಹಂಚಿಹೋಗುವುದರಿಂದ ಸೆಟ್ಟಿನಲ್ಲಿ ಬೆಂಕಿಯಂಥ ದೀಪಗಳು ಬೇಕಾಗುತ್ತಿದ್ದವು. 'ಆಝ್' ಚಿತ್ರದಲ್ಲಿ ಸಿಂಹದ ಪಾತ್ರಕ್ಕೆ ಸಿಂಹದ ಚರ್ಮ ತೊಟ್ಟ ನಟ ಅದರೊಳಗೆ ಬೆವರಿ ಬಸವಳಿಯುತ್ತಿದ್ದ. ಕ್ಯಾಮೆರಾವನ್ನು ಕಂಪನಿ ಮಾರುತ್ತಲೂ ಇರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಜೊತೆಗೆ ತನ್ನ ಕ್ಯಾಮೆರಾಮನ್ನನ್ನೂ, ಉಡುಪು, ಪರದೆಗಳ ಬಣ್ಣ ಹೇಗಿರಬೇಕು ಎಂದು ಹೇಳುವ ಸಲಹೆಗಾರರನ್ನೂ ಕಳಿಸುತ್ತಿತ್ತು.

ಬಣ್ಣ ಬರುತ್ತಿದ್ದದ್ದು ಕೊನೆಯಲ್ಲಿ, ಥಿಯೇಟರಿಗೆ ಹೋಗುವ ಪ್ರತಿ ಅಚ್ಚಾಗುವಾಗ. ಮೂರು ನೆಗೆಟಿವ್‌ಗಳಿಂದ ಉಬ್ಬುತಗ್ಗಿನ ಮೂರು ಜೆಲಟಿನ್ ಅಚ್ಚು ಮಾಡಿ, ಒಂದೊಂದನ್ನೂ ಒಂದೊಂದು ಬಣ್ಣದಲ್ಲಿ ಅದ್ದಿ, ಒಂದೇ ಖಾಲಿ ಫಿಲ್ಮಿನ ಮೇಲೆ ಸರದಿಯಾಗಿ ಒತ್ತುತ್ತಿದ್ದರು. ಬಟ್ಟೆಗೆ ಮರದಚ್ಚು ಒತ್ತುವವರ ಕೆಲಸದ ಹಾಗೆಯೇ, ಆದರೆ ಕೂದಲೆಳೆಯಷ್ಟೂ ಜರುಗುವಂತಿಲ್ಲ. ಅಗ್ಗದ ದೇವರ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುವುದನ್ನು ಕಂಡವರಿಗೆ ಜರುಗಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಮೂಲ ನೆಗೆಟಿವ್‌ನಲ್ಲಿ ಇರುವುದು ಬರೀ ಬೆಳ್ಳಿಯ ಕಣ. ಬೆಳ್ಳಿ ಲೋಹ; ಫಿಲ್ಮಿನ ಮೈ ಸರಿಯಿರುವವರೆಗೆ ಅದು ಬಣ್ಣಗೆಡುವ ಪ್ರಶ್ನೆಯಿಲ್ಲ. 80 ವರ್ಷ ಕಳೆದ ಮೇಲೂ ಆ ಮೂರನ್ನು ಬೇರೆಬೇರೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಹೇಳಿಕೊಟ್ಟರೆ ಬಣ್ಣ ಎದ್ದು ಕೂರುತ್ತದೆ. ತೊಡಕು ಒಂದೇ: ಹಳೆಯ ಫಿಲ್ಮು ಕುಗ್ಗುತ್ತದೆ, ಅದೂ ಮೂರು ಒಂದೊಂದು ಪ್ರಮಾಣದಲ್ಲಿ. ಅವನ್ನು ಬರೀ ಲೆನ್ಸಿನ ಯಂತ್ರದಲ್ಲಿ ಸೇರಿಸಿದಷ್ಟು ಕಾಲ ಅಂಚಿನಲ್ಲಿ ಕೆಂಪು-ಹಸಿರು ಗೆರೆ ತಪ್ಪುತ್ತಿರಲಿಲ್ಲ. 2000ದ ನಂತರ, ಈ ಚಿತ್ರದ ಹಕ್ಕು ಪಡೆದಿದ್ದ ವಾರ್ನರ್ ಬ್ರದರ್ಸ್‌ನವರು ಚೌಕಟ್ಟನ್ನು ಬಿಂದುಬಿಂದುವಾಗಿ ಎಳೆದು ಕೂರಿಸುವ ತಂತ್ರಾಂಶ ಬಳಸಿದರು. ಡಿವಿಡಿಯ ಕಾಲದಲ್ಲೇ ಫಲ ಕಂಡಿತು. ಸಿನಿಮಾ ಬಿಡುಗಡೆಯಾದ ದಿನ ಕೂಡ ಮೂರು ಬಣ್ಣ ಅಷ್ಟು ಸರಿಯಾಗಿ ಕೂತಿರಲಿಕ್ಕಿಲ್ಲ.

ಇದೇ ಒಂದು ತಕರಾರನ್ನೂ ತಂದಿಟ್ಟಿದೆ. ಸಿಂಹದ ಬಾಲವನ್ನು ಆಡಿಸುತ್ತಿದ್ದದ್ದು ಮೇಲಿನಿಂದ ಇಳಿಬಿಟ್ಟ ಸಪೂರ ದಾರ. ಬಣ್ಣ ಒತ್ತಿ ತೆಗೆದ ಪ್ರತಿ ಕೊಂಚ ಮೆತ್ತಗಿರುವುದರಿಂದ ತೆರೆಯ ಮೇಲೆ ಇಂಥದ್ದು ಮುಚ್ಚಿಹೋಗುತ್ತದೆ. ನೆಗೆಟಿವ್‌ನ ಸ್ಕ್ಯಾನಿನಲ್ಲಿ ಮುಚ್ಚಿಹೋಗುವುದಿಲ್ಲ. ಅಳಿಸಬೇಕೆ, ಬಿಡಬೇಕೆ? ಅಂದಿನ ಪ್ರೇಕ್ಷಕ ಕಾಣದ್ದನ್ನು ಇಂದಿನವನೂ ಕಾಣಬೇಕಿಲ್ಲ, ಮೆಲ್ಲಗೆ ಅಳಿಸಲಿ ಅನ್ನುವವ ನಾನು. ಹಾಗಂತ ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ಬಳಿಯುವುದನ್ನು ಇದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮಲ್ಲಿ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹೊದ್ದು ಬಂದವು. ಜನ ಖುಷಿಯಿಂದ ನೋಡಿದರು, ನಾನೂ ನೋಡಿದೆ. ಆದರೆ ಅದು ಹೊಸ ಕೆಲಸ, ಇದ್ದದ್ದನ್ನು ಉಳಿಸುವ ಕೆಲಸ ಅದಲ್ಲ. ಉಳಿಸುವ ಕೆಲಸಕ್ಕೆ 'ಘಟಶ್ರಾದ್ಧ'ವನ್ನು ನೋಡಬೇಕು: 1977ರ ಆ ಕಪ್ಪುಬಿಳುಪು ಚಿತ್ರದ ಜೀರ್ಣೋದ್ಧಾರವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು.

ಇನ್ನು ಮೊಮ್ಮಗಳ ಕಥೆ. 1950ರಲ್ಲಿ ಕೊಡಾಕ್ ಕಂಪನಿ ಈಸ್ಟ್‌ಮನ್ ಕಲರ್ ತಂದಿತು. ನಮ್ಮ ಪೋಸ್ಟರುಗಳ ಮೂಲೆಯಲ್ಲೂ ದಪ್ಪಕ್ಷರದಲ್ಲಿ ಮೆರೆದ ಹೆಸರದು. ಒಂದೇ ಫಿಲ್ಮು, ಸಾಮಾನ್ಯ ಕ್ಯಾಮೆರಾ, ಮೂರು ಪದರ ಒಂದರ ಮೇಲೊಂದು. ನಾಲ್ಕೈದು ವರ್ಷದಲ್ಲಿ ಮೂರು ಫಿಲ್ಮಿನ ಭಾರೀ ಕ್ಯಾಮೆರಾ ಮೂಲೆ ಸೇರಿತು. ಆದರೆ ಈ ಹೊಸ ಫಿಲ್ಮನ್ನು ತೊಳೆದ ಮೇಲೆ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಉಳಿಯುವುದು ತೊಳೆಯುವಾಗ ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ ಮೂರು ಸಾವಯವ ಬಣ್ಣ. ಕತ್ತಲೆಯ ಡಬ್ಬಿಯಲ್ಲಿಟ್ಟರೂ ಸೆಕೆ ಮತ್ತು ತೇವಕ್ಕೆ ಆ ಅಣುಗಳು ನಿಧಾನವಾಗಿ ಮುರಿಯುತ್ತವೆ, ಮೂರೂ ಒಂದೇ ವೇಗದಲ್ಲಿ ಮುರಿಯುವುದಿಲ್ಲ.

ಥಿಯೇಟರಿಗೆ ಹೋದ ಪ್ರತಿಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಹಸಿರುನೀಲಿ ಬಣ್ಣ. ಬಿಳಿ ಬೆಳಕಿನಿಂದ ಕೆಂಪನ್ನು ತಡೆಹಿಡಿಯುವುದೇ ಅದರ ಕೆಲಸ. ಕಾವಲುಗಾರ ಹೋದ ಮೇಲೆ ಕೆಂಪು ಎಲ್ಲೆಡೆ ನುಗ್ಗುತ್ತದೆ, ನನ್ನ ಕಂಪಾಸ್ ಬಾಕ್ಸಿನ ತೆಂಗಿನಮರ ಗುಲಾಬಿಯಾಗುತ್ತದೆ. ಆ ಕಾಲದ ನೆಗೆಟಿವ್‌ಗಳಲ್ಲಿ ಕೈಕೊಟ್ಟದ್ದು ಹಳದಿ ಪದರ. ಅದರಿಂದ ತೆಗೆದ ಚಿತ್ರದಲ್ಲಿ ನೆರಳೆಲ್ಲ ನೀಲಿ, ಬೆಳಕು ಬಿದ್ದ ಕೆನ್ನೆಯೆಲ್ಲ ಹಳದಿ. ನೆರಳನ್ನು ಸರಿಮಾಡಲು ಹೋದರೆ ಕೆನ್ನೆ ಕೆಡುತ್ತದೆ, ಕೆನ್ನೆ ಸರಿಮಾಡಿದರೆ ನೆರಳು.

ಸ್ಟುಡಿಯೋಗಳು ಪೂರ್ತಿ ಕಣ್ಮುಚ್ಚಿ ಕೂತಿರಲಿಲ್ಲ. ಬಣ್ಣದ ನೆಗೆಟಿವ್‌ನಿಂದ ಬಣ್ಣಕ್ಕೊಂದರಂತೆ ಮೂರು ಕಪ್ಪುಬಿಳುಪು ಪ್ರತಿ ಮಾಡಿಡುವ ವಿಮೆಯಂಥ ಪದ್ಧತಿ ಇತ್ತು. ಮತ್ತೆ ಬೆಳ್ಳಿಯ ಮೊರೆ. ಆದರೆ ಆ ಮೂರು ಸರಿಯಾಗಿವೆಯೇ ಎಂದು ತಿಳಿಯಲು ಮತ್ತೆ ಸೇರಿಸಿ ಬಣ್ಣದ ಪ್ರತಿ ಮಾಡಿ ನೋಡಬೇಕು. ಖರ್ಚೆಂದು ಎಷ್ಟೋ ಕಡೆ ನೋಡಲೇ ಇಲ್ಲ. ದಶಕಗಳ ಮೇಲೆ ಡಬ್ಬಿ ತೆರೆದಾಗ ಒಂದು ಪ್ರತಿ ಮಸುಕು, ಇನ್ನೊಂದು ಕುಗ್ಗಿದ್ದು ಎಂದು ಗೊತ್ತಾಯಿತು. 1980ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಬಣ್ಣ ಹಾರುವ ಫಿಲ್ಮಿನ ವಿರುದ್ಧ ದನಿಯೆತ್ತಿದ ಮೇಲೆ, ಆ ದಶಕದಲ್ಲಿ ತಾಳಿಕೆಯ ಫಿಲ್ಮು ಬಂತು. ಅಷ್ಟರಲ್ಲಿ 30 ವರ್ಷದ ಸಿನಿಮಾ ಮಾಸಲು ಶುರುವಾಗಿತ್ತು.

ಬೆಳ್ಳಿಗೂ ಸಾವಿಲ್ಲ ಎಂದೇನಲ್ಲ. ಆ ಹಳೆಯ ಫಿಲ್ಮಿನ ಮೈ ನೈಟ್ರೇಟ್, ಸಿಡಿಮದ್ದಿನ ಹತ್ತಿರದ ನೆಂಟ. ಹತ್ತಿಕೊಂಡರೆ ತನ್ನೊಳಗಿನ ಆಮ್ಲಜನಕದಿಂದಲೇ ಉರಿಯುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 1978ರಲ್ಲಿ ಅಮೆರಿಕದ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹಾಲಯದಲ್ಲಿ ಬೆಂಕಿ ಬಿದ್ದು 300ಕ್ಕೂ ಹೆಚ್ಚು ಚಿತ್ರಗಳ ನೆಗೆಟಿವ್ ಬೂದಿಯಾಯಿತು. ನೈಟ್ರೇಟ್ ಬಿಟ್ಟು ಬಂದ ಅಸಿಟೇಟ್ ಫಿಲ್ಮು ಹಾಗೆ ಹತ್ತಿ ಉರಿಯುವುದಿಲ್ಲ, ಹುಳಿಯುತ್ತದೆ. ತೇವಕ್ಕೆ ಅದರಿಂದ ಅಸಿಟಿಕ್ ಆಮ್ಲ ಹೊರಡುತ್ತದೆ, ಹೊರಟ ಆಮ್ಲವೇ ಇನ್ನಷ್ಟು ಹುಳಿಗೆ ಹೆಪ್ಪು ಹಾಕುತ್ತದೆ. ಡಬ್ಬಿ ತೆಗೆದರೆ ಉಪ್ಪಿನಕಾಯಿ ಜಾಡಿ ತೆಗೆದಂತೆ ಮೂಗಿಗೆ ಹೊಡೆಯುವ ವಿನಿಗರ್ ವಾಸನೆ. ಕುಗ್ಗಿ, ಮುರುಟಿ, ಅಲೆಅಲೆಯಾದ ಫಿಲ್ಮು ಯಾವ ಯಂತ್ರದಲ್ಲೂ ಕೂರುವುದಿಲ್ಲ.

ಇಷ್ಟೆಲ್ಲ ದಾಟಿ ಬಂದ ಚಿತ್ರವನ್ನು ಕೊನೆಗೆ ಕೆಡಿಸಬಲ್ಲದ್ದು ಡಿಸ್ಕ್ ಮಾಡುವವರ ಅತಿ ಶುಚಿತ್ವ. ಫಿಲ್ಮಿನ ಕಣಗಳು ಪ್ರತಿ ಚೌಕಟ್ಟಿನಲ್ಲೂ ಬೇರೆಯೇ ಜಾಗದಲ್ಲಿರುತ್ತವೆ. ಮುಂದಿನ ಚೌಕಟ್ಟನ್ನು ಹಿಂದಿನದರಿಂದ ಊಹಿಸಿ ಜಾಗ ಉಳಿಸುವ ಡಿಜಿಟಲ್ ಸಂಕೋಚನಕ್ಕೆ ಅವು ಶನಿ. ಕಣ ಅಳಿಸಿದರೆ ಕೆಲಸ ಹಗುರ, ಮುಖ ಮಾತ್ರ ಮೇಣದ ಗೊಂಬೆ. 1970ರ 'ಪ್ಯಾಟನ್' ಚಿತ್ರದ 2008ರ ಬ್ಲೂ-ರೇ ಹೀಗೇ ಬೈಸಿಕೊಂಡಿತು, 2012ರಲ್ಲಿ ಮತ್ತೆ ಮಾಡಬೇಕಾಯಿತು. 100 ಗಿಗಾಬೈಟಿನ 4ಕೆ ಡಿಸ್ಕ್ ಸೆಕೆಂಡಿಗೆ 100 ಮೆಗಾಬಿಟ್‌ಗೂ ಹೆಚ್ಚು ಉಣಿಸಬಲ್ಲದು. ನೆಟ್‌ಫ್ಲಿಕ್ಸ್ ತನ್ನ 4ಕೆಗೆ 15 ಮೆಗಾಬಿಟ್ ಸಂಪರ್ಕವಿದ್ದರೆ ಸಾಕು ಅನ್ನುತ್ತದೆ. ಕಣದ ಮೇಲೆ ಪ್ರೀತಿ ಇರುವವರು ಇನ್ನೂ ಡಿಸ್ಕ್ ಕೊಳ್ಳುವುದು ಇದಕ್ಕೇ.

ಯಾವ ಚಿತ್ರಕ್ಕೆ ವಿಶೇಷ ಡಿಸ್ಕ್ ಬೇಕು ಎಂಬ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೇಲಿರುವವು ಹೆಸರು ಮಾಡಿದ ಚಿತ್ರಗಳು. ನನ್ನನ್ನು ಕೇಳಿದರೆ, ಬೆಳ್ಳಿಯಲ್ಲಿರುವವು ಸರದಿಯಲ್ಲಿ ಕಾಯಬಹುದು. 1950ರಿಂದ 80ರವರೆಗಿನ ಬಣ್ಣದವು ಕಾಯಲಾರವು. ಅವುಗಳಲ್ಲೂ ಮೊದಲು ನೆನಪಾಗುವುದು ಜಾನ್ ವೇಯ್ನ್ ನಿರ್ದೇಶಿಸಿ ನಟಿಸಿದ 1960ರ 'ದಿ ಅಲಾಮೊ'. ಚಿತ್ರವಾಗಿ ಅದು ಉದ್ದ ಭಾಷಣದ ಕಾಟ, ಒಪ್ಪುತ್ತೇನೆ. ಆದರೆ 70 ಎಂಎಂ ತೆರೆಗೆಂದೇ ತೆಗೆದ ಟೆಕ್ಸಾಸಿನ ಬಯಲು, ಕೋಟೆಗೆ ಮುತ್ತುವ ಸೈನ್ಯ, ಇಂದು ಯಾರೂ ಹಾಗೆ ತೆಗೆಯುವುದಿಲ್ಲ. ಬಿಡುಗಡೆಯಾದಾಗ ಮೂರು ಗಂಟೆ ದಾಟಿತ್ತು. ಆಮೇಲೆ ಅರ್ಧ ಗಂಟೆಗೂ ಹೆಚ್ಚು ಕತ್ತರಿಸಿದರು. ಆ ಪೂರ್ಣ ರೂಪದ 70 ಎಂಎಂ ಪ್ರತಿಯೊಂದು 1990ರ ದಶಕದ ಆರಂಭದಲ್ಲಿ ಕೆನಡಾದ ಟೊರಾಂಟೊದಲ್ಲಿ ಸಿಕ್ಕಿತು. ಅದರಿಂದ ವಿಡಿಯೋ ಪ್ರತಿ ಮಾಡಿ ಲೇಸರ್ ಡಿಸ್ಕ್ ಬಿಟ್ಟರು. ಫಿಲ್ಮು ಮಾತ್ರ ಆಮೇಲೂ ಕೆಡುತ್ತಲೇ ಹೋಯಿತು. ನಂತರ ಬಂದ ಡಿವಿಡಿಯಲ್ಲಿರುವುದು ಕತ್ತರಿಸಿದ ರೂಪ.

ಹಾಗಾಗಿ ಪೂರ್ತಿ 'ಅಲಾಮೊ' ನೋಡಬೇಕೆನ್ನುವವರು ಇಂದಿಗೂ ಊಟದ ತಟ್ಟೆಯಷ್ಟು ದೊಡ್ಡ ಆ ಲೇಸರ್ ಡಿಸ್ಕನ್ನೇ ಹಳೇ ಸಾಮಾನಿನವರಲ್ಲಿ ಹುಡುಕುತ್ತಾರೆ. ಅದರಲ್ಲಿ ಹಿಡಿದಿಟ್ಟಿರುವುದು ಹಳೇ ಟಿವಿಗೆ ಸಾಲುವಷ್ಟು, ನಾನೂರು ಚಿಲ್ಲರೆ ಗೆರೆಯ ಚಿತ್ರ. ಡಿಸ್ಕಿನೊಳಗಿನ ಅಲ್ಯೂಮಿನಿಯಂ ಪದರಕ್ಕೆ ಅಂಟಿನ ಸಂದಿಯಿಂದ ಗಾಳಿ-ತೇವ ಹೊಕ್ಕರೆ ಅದೂ ಕಿಲುಬುತ್ತದೆ. ತೆರೆಯ ಮೇಲೆ ಮೊದಲು ಒಂದೆರಡು ಬಣ್ಣದ ಚುಕ್ಕಿ, ಕೆಲವು ವರ್ಷದಲ್ಲಿ ಕೋಟೆ, ಸೈನ್ಯ ಎಲ್ಲದರ ಮೇಲೂ ಸಾಸಿವೆ ಎರಚಿದಂಥ ಚುಕ್ಕಿ.