ಕೈ ಮುಂದೆ ಮಾಡಿ, ಉತ್ತರಕ್ಕೆ ಕಾಯಿರಿ

ಇಂಟರಾಕ್ಷನ್ ಡಿಸೈನ್ ವಿದ್ಯಾರ್ಥಿಗಳ ಪದವಿ ಪ್ರದರ್ಶನಕ್ಕೆ ಹೋದವರು ಸಾಮಾನ್ಯವಾಗಿ ಮೊದಲು ಗೋಡೆಯ ಮೇಲಿನ ಬರಹ ಓದುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮನುಷ್ಯ ಏನೋ ಮಾಡಿದಾಗ ವಸ್ತು ಏನು ಉತ್ತರ ಕೊಡುತ್ತದೆ ಎಂಬುದೇ ಈ ವಿದ್ಯೆಯ ವಿಷಯ. ಮೊದಲು ಎರಡು ಹೆಜ್ಜೆ ಹಿಂದೆ ನಿಂತು, ಬೇರೆಯವರು ಎಲ್ಲಿ ಕೈ ಇಡುತ್ತಾರೆ ನೋಡಿ. ಹತ್ತು ಜನರಲ್ಲಿ ಎಂಟು ಮಂದಿ ತಪ್ಪು ಜಾಗ ಮುಟ್ಟಿದರೆ ತಪ್ಪು ವಿನ್ಯಾಸದ್ದು, ಜನರದ್ದಲ್ಲ. ಆಮೇಲೆ ನೀವು ಮುಟ್ಟಿ.

ಮಕ್ಕಳನ್ನು ಡಿಸೈನ್ ಓದಲು ಬೆಂಗಳೂರಿಗೋ ಅಹಮದಾಬಾದಿಗೋ ಕಳಿಸಿದ ವಿಜಯಪುರ, ಬಾಗಲಕೋಟೆ ಕಡೆಯ ತಂದೆ-ತಾಯಿ ಇಂಥಲ್ಲಿ ನಿಂತು ‘ಇದರಿಂದ ಏನು ಉಪಯೋಗ?’ ಎಂದು ಕೇಳುವುದು ಸಹಜ. ಆದರೆ ಪ್ರಾಯೋಗಿಕ ಕೃತಿ ಮಾರಾಟದ ಸಾಮಾನಲ್ಲ. ಅದು ಒಂದು ಪ್ರಶ್ನೆಯನ್ನು ಕೈಗೆ ಸಿಗುವಂತೆ ಕಟ್ಟಿದ ರೂಪ. ಹಾಗಾಗಿ ಪ್ರಶ್ನೆ ಗಟ್ಟಿಯಿದೆಯೇ, ಕಟ್ಟಿದ ರೀತಿ ಆ ಪ್ರಶ್ನೆಗೆ ಹೊಂದುತ್ತದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಉತ್ತರ ಬರಲು ಹಿಡಿಯುವ ಸಮಯಕ್ಕೆ. 1968ರಲ್ಲಿ ಐಬಿಎಂ ಕಂಪನಿಯ ಸಂಶೋಧಕ ರಾಬರ್ಟ್ ಮಿಲ್ಲರ್ ಕಂಪ್ಯೂಟರಿನ ಉತ್ತರದ ವೇಗದ ಬಗ್ಗೆ ಬರೆದಾಗಿನಿಂದ ಈ ಕ್ಷೇತ್ರದವರು ಒಂದು ಅಂದಾಜು ಇಟ್ಟುಕೊಂಡಿದ್ದಾರೆ: ಸುಮಾರು 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಅದು ನಾವೇ ಮಾಡಿದ ಕೆಲಸ ಅನಿಸುತ್ತದೆ, 1 ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ, 10 ಸೆಕೆಂಡ್ ಆದರೆ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ಗೋಳಗುಮ್ಮಟದಲ್ಲಿ ಇದನ್ನು ಕಿವಿಯಿಂದಲೇ ಅಳೆಯಬಹುದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಿಮ್ಮ ಚಪ್ಪಾಳೆ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಅಂದರೆ 0.22 ಸೆಕೆಂಡಿನಷ್ಟು. 0.1ರ ಗೆರೆ ದಾಟಿರುವುದರಿಂದಲೇ ಅದು ನಮ್ಮ ಚಪ್ಪಾಳೆಯ ಬಾಲದಂತೆ ಕೇಳದೆ, ಆಚೆ ನಿಂತ ಯಾರೋ ತಿರುಗಿ ತಟ್ಟಿದಂತೆ ಕೇಳುತ್ತದೆ. ಕೈ ಇಟ್ಟ ಕೂಡಲೇ ಹತ್ತುವ ದೀಪ ಬರೀ ಸ್ವಿಚ್ಚು ಅನಿಸುತ್ತದೆ. ಅರೆ ಕ್ಷಣ ತಡೆದು ಹತ್ತಿದರೆ ಅದಕ್ಕೆ ಜೀವವಿದ್ದಂತೆ ತೋರುತ್ತದೆ. ವಿದ್ಯಾರ್ಥಿಯನ್ನು ಕೇಳಿ: ಈ ತಡ ಬೇಕೆಂದೇ ಇಟ್ಟದ್ದೋ, ವೈಫೈ ನಿಧಾನದಿಂದ ಬಂದದ್ದೋ? ಒಳ್ಳೆಯ ವಿದ್ಯಾರ್ಥಿಯ ಬಳಿ ಮಿಲಿಸೆಕೆಂಡ್ ಲೆಕ್ಕವಿರುತ್ತದೆ.

ಕೃತಿ ನಿಮ್ಮನ್ನು ಗುರುತಿಸದಿದ್ದರೆ ಮುಜುಗರಪಡಬೇಡಿ, ಕಾರಣ ಹುಡುಕಿ. ದೂರ ಅಳೆಯಲು ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಬಿಟ್ಟು, ಮರಳುವ ಸಮಯದಿಂದ 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ ಲೆಕ್ಕ ಹಾಕುತ್ತದೆ. ರಟ್ಟು, ಗೋಡೆಯ ಎದುರು ಅದು ನಿಖರ. ನೆರಿಗೆಯ ಸೀರೆ, ಕಂಬಳಿಯಂಥ ಮೆತ್ತನೆ ಬಟ್ಟೆ ಆ ಶಬ್ದವನ್ನು ಹೀರಿ ಚದುರಿಸುತ್ತದೆ. ಸಹಪಾಠಿಗಳ ಮೇಲಷ್ಟೇ ಪರೀಕ್ಷಿಸಿದ ಕೃತಿಗೆ ಇಳಕಲ್ ಸೀರೆ ಉಟ್ಟ ಅಜ್ಜಿ ಕಾಣದೆ ಹೋಗಬಹುದು. ಚಲನೆ ಗುರುತಿಸುವ ಪಿಐಆರ್ ಸೆನ್ಸರ್‌ನ ತೊಂದರೆ ಬೇರೆ: ಅದು ನೋಡುವುದು ಮೈಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಹಾಲ್‌ನ ಗೋಡೆಯೂ 35 ಡಿಗ್ರಿ ಹತ್ತಿರ ಬಂದಾಗ ಚರ್ಮಕ್ಕೂ ಗೋಡೆಗೂ ಅಂತರವೇ ಉಳಿಯುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದದ್ದು ಊಟದ ಹೊತ್ತಿಗೆ ಮಂಕಾಗುತ್ತದೆ, ವಿದ್ಯಾರ್ಥಿ ಪಾಪ ಕೋಡ್‌ನಲ್ಲಿ ತಪ್ಪು ಹುಡುಕುತ್ತಿರುತ್ತಾನೆ. ಕ್ಯಾಮೆರಾ ಕೃತಿಗಳಿಗೆ ನೋಡುಗರ ಬೆನ್ನ ಹಿಂದಿನ ಕಿಟಕಿ ಶತ್ರು; ಒಂದು ಪರದೆ ಎಳೆದರೆ ಮುಗಿಯಿತು.

ಬಟ್ಟೆಯ ಕೃತಿಗಳ ಎದುರು ಹೆಚ್ಚು ಹೊತ್ತು ನಿಲ್ಲಿ, ನಮ್ಮ ಭಾಗದ ಜ್ಞಾನ ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ವಿದ್ಯುತ್ ಹರಿಯುವ ಉಕ್ಕಿನ ದಾರದಿಂದ ಕಸೂತಿಯ ಗವಂತಿ ಹೊಲಿಗೆ ಹಾಕಿ ಸ್ಪರ್ಶದ ಗುಂಡಿ ಮಾಡಬಹುದು. ಆದರೆ ಗವಂತಿ ಬಟ್ಟೆಯ ಎರಡೂ ಮಗ್ಗಲು ಒಂದೇ ತರಹ ಮೂಡುತ್ತದೆ. ಅಂದರೆ ತಂತಿ ಹಿಂದೆಯೂ ಬಯಲಿಗೇ ಇರುತ್ತದೆ, ಬಟ್ಟೆ ಮಡಚಿದರೆ ಶಾರ್ಟ್. ಹಿಂಬದಿಗೆ ಇನ್ನೊಂದು ಪದರ ಬೇಕು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಈ ಉಕ್ಕಿನ ದಾರವೋ ಗಂಟಿಲ್ಲದೆ ಬಿಟ್ಟರೆ ತುದಿ ಬಿಚ್ಚಿ ಪಕ್ಕದ ಹೊಲಿಗೆಗೆ ತಾಗುತ್ತದೆ. ಸಂಪ್ರದಾಯದ ಸೊಬಗು, ಸರ್ಕ್ಯೂಟಿನ ಅಗತ್ಯ ಎರಡೂ ಇಲ್ಲಿ ಎದುರಾಗುತ್ತವೆ; ಅದನ್ನು ವಿದ್ಯಾರ್ಥಿ ಹೇಗೆ ಬಿಡಿಸಿದ್ದಾರೆ ಎಂಬುದರಲ್ಲಿ ಕೃತಿಯ ನಿಜವಾದ ವಿನ್ಯಾಸವಿದೆ. ಬೆವರಿದ ಕೈಗೂ ಒಣ ಕೈಗೂ ರೀಡಿಂಗ್ ಬದಲಾಗುತ್ತದೆ. ಕೃತಿಗೆ ಜೋಡಿಸಿದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೂ ಬದಲಾಗುತ್ತದೆ. ಯಾರೂ ಮುಟ್ಟದಿರುವಾಗಿನ ಅಳತೆಯನ್ನು ಆಗಾಗ ಹೊಸದಾಗಿ ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ ಆ ಕೃತಿ ಸಂಜೆವರೆಗೂ ನಿಲ್ಲುತ್ತದೆ.

ಮಾತಿಗೆ ಉತ್ತರಿಸುವ ಕೃತಿ ಇದ್ದರೆ ನಿಮ್ಮ ಮನೆಯ ಭಾಷೆಯಲ್ಲೇ ಮಾತಾಡಿ. ‘ಹ್ಯಾಂಗದೀರಿ’ ಅಂದಾಗ ಏನಾಗುತ್ತದೆ ನೋಡಿ, ಅದಕ್ಕೆ ಕಲಿಸಿದ ಧ್ವನಿಗಳು ಯಾವ ಊರಿನವು ಎಂದು ವಿಚಾರಿಸಿ.

ಕರೆಂಟ್ ಹೋಗಿ ಬಂದ ಮೇಲೆ ಕೃತಿ ತಾನಾಗಿ ಎದ್ದೇಳುತ್ತದೆಯೇ ಎಂದೂ ಕೇಳಿ. ಇಂಥ ಕೃತಿಗಳನ್ನು ನಡೆಸುವ ಪುಟ್ಟ ಸರ್ಕ್ಯೂಟ್ ಆದ ಆರ್ಡುಯಿನೊ ಬೋರ್ಡ್ ತನ್ನ ಪ್ರೋಗ್ರಾಂ ತಾನೇ ಶುರುಮಾಡುತ್ತದೆ. ಕಂಪ್ಯೂಟರಿನಲ್ಲಿ ಕೈಯಿಂದ ತೆರೆದ ಪ್ರೋಗ್ರಾಂ ಹಾಗಲ್ಲ. ಯಾರಾದರೂ ಬಂದು ತೆರೆಯಬೇಕು.

ಕೈಬಿಟ್ಟ ಹಳೆಯ ಮಾದರಿಗಳನ್ನು ತೋರಿಸಿ ಎಂದು ಕೇಳಿ. ರಟ್ಟಿನದು, ಥರ್ಮೋಕೋಲಿನದು, ಕೆಟ್ಟುಹೋದದ್ದು ಎಲ್ಲ ಮೇಜಿನ ಕೆಳಗಿನ ಡಬ್ಬಿಯಲ್ಲಿ ಇರುತ್ತವೆ, ಅವುಗಳ ಸಾಲಿನಲ್ಲಿ ಪ್ರಶ್ನೆ ಹೇಗೆ ಬದಲಾಯಿತು ಅನ್ನುವುದು ಕಾಣುತ್ತದೆ. ಈಗ ಗೋಡೆಯ ಬರಹ ಓದಿ, ನಿಮಗಾದ ಅನುಭವದೊಂದಿಗೆ ತಾಳೆ ನೋಡಿ.

ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ‘ಭಾಳ ಚಲೋ ಐತಿ’ ಎಂದು ಬರೆದರೆ ವಿದ್ಯಾರ್ಥಿಗೆ ಖುಷಿಯಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಹೀಗೆ ಬರೆಯಿರಿ: ‘ಬಲಗೈ ಇಟ್ಟೆ, ಏನೂ ಆಗಲಿಲ್ಲ. ಬಳೆ ಹಿಂದಕ್ಕೆ ಸರಿಸಿ ಮತ್ತೆ ಇಟ್ಟೆ, ದೀಪ ಹತ್ತಿತು.’