ಇನ್‌ಗ್ರಾಫ್ಟಿಂಗ್: ಬೇಕೆಂದೇ ಸಿಡುಬು ಹಿಡಿಸಿಕೊಳ್ಳುತ್ತಿದ್ದ ಕಾಲದ ಪದ

18ನೇ ಶತಮಾನದ ಇಂಗ್ಲಿಷ್ ಪತ್ರಗಳನ್ನು ಓದುವವರಿಗೆ ‘ಇನ್‌ಗ್ರಾಫ್ಟಿಂಗ್’ ಎಂಬ ಪದ ಎದುರಾಗುತ್ತದೆ. ಆಮೇಲಿನ ಪತ್ರಗಳಲ್ಲಿ ಅದರ ಜಾಗಕ್ಕೆ ‘ಇನಾಕ್ಯುಲೇಷನ್’ ಬರುತ್ತದೆ. ಎರಡೂ ತೋಟದಿಂದ ಬಂದ ಮಾತುಗಳು. ಮೊದಲನೆಯದೆಂದರೆ ಗಿಡಕ್ಕೆ ಕಸಿ ಕಟ್ಟುವುದು. ಎರಡನೆಯದರ ಒಳಗಿರುವುದು ‘ಕಣ್ಣು’ ಎಂಬ ಅರ್ಥದ ಲ್ಯಾಟಿನ್ ಪದ. ನಮ್ಮ ತೋಟದವರು ಹೇಳುವ ‘ಕಣ್ಣು ಕಸಿ’ ಅದೇ. ಆದರೆ ಈ ಪತ್ರಗಳಲ್ಲಿ ಕಸಿ ಆಗುತ್ತಿದ್ದುದು ಮಕ್ಕಳ ತೋಳಿಗೆ. ಕಸಿಯಾಗಿ ಸೇರುತ್ತಿದ್ದುದು ಸಿಡುಬಿನ ಕೀವು.

ಇದನ್ನು ಇವತ್ತಿನ ಲಸಿಕೆ ಅಂದುಕೊಂಡು ಓದಿದರೆ ಪತ್ರದ ಅರ್ಧ ಮಾತು ಅರ್ಥವಾಗುವುದಿಲ್ಲ. ಸಿಡುಬು ಬಂದವರ ಬೊಕ್ಕೆಯಿಂದ ಕೀವು ತೆಗೆದು, ಇನ್ನೂ ಸಿಡುಬು ಬರದವರ ಚರ್ಮದಲ್ಲಿ ಗೀರಿ ಇಡುತ್ತಿದ್ದರು. ಅವರಿಗೆ ಬರುತ್ತಿದ್ದುದು ನಿಜವಾದ ಸಿಡುಬೇ. ಜ್ವರ ಬರುತ್ತಿತ್ತು, ಬೊಕ್ಕೆ ಏಳುತ್ತಿತ್ತು. ಉಸಿರಿನ ಮೂಲಕ ಬಾರದೆ ಚರ್ಮದ ಮೂಲಕ ಒಳಹೋದ ರೋಗ ಸಾಮಾನ್ಯವಾಗಿ ಹಗುರವಾಗಿರುತ್ತಿತ್ತು. ವಾಸಿಯಾದವರಿಗೆ ಮತ್ತೆ ಸಿಡುಬಿನ ಭಯ ಇರುತ್ತಿರಲಿಲ್ಲ. ಹೇಗೂ ಬರುವ ಕಾಯಿಲೆಯನ್ನು ದಿನ ಗೊತ್ತುಮಾಡಿಕೊಂಡು ಮನೆಗೆ ಕರೆಸಿಕೊಳ್ಳುವ ಧೈರ್ಯ ಅದು.

ಈ ಪದವನ್ನು ಇಂಗ್ಲೆಂಡಿನ ಮನೆಮಾತಿಗೆ ತಂದವರಲ್ಲಿ ದೊಡ್ಡ ಹೆಸರು ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯೂ ಅವರದು. ಅವರ ತಮ್ಮ 1713ರಲ್ಲಿ ಸಿಡುಬಿಗೆ ಬಲಿಯಾದ. ಎರಡು ವರ್ಷದ ಮೇಲೆ ಅವರಿಗೂ ಬಂತು. ಜೀವ ಉಳಿಯಿತು, ಆದರೆ ಮುಖದ ತುಂಬ ಕಲೆ ಉಳಿದು, ಕಣ್ಣಿನ ರೆಪ್ಪೆಗೂದಲು ಉದುರಿಹೋದವು. ಗಂಡ ತುರ್ಕಿಗೆ ಬ್ರಿಟಿಷ್ ರಾಯಭಾರಿಯಾದಾಗ ಅವರೂ ಜೊತೆಗೆ ಹೋದರು. 1717ರ ಏಪ್ರಿಲ್ 1ರಂದು ಅಡ್ರಿಯಾನೋಪಲ್‌ನಿಂದ, ಅಂದರೆ ಇವತ್ತಿನ ಎದಿರ್ನೆ ಊರಿನಿಂದ, ಗೆಳತಿ ಸಾರಾ ಚಿಸ್ವೆಲ್‌ಗೆ ಪತ್ರ ಬರೆದರು.

ಆ ಪತ್ರ ಎಷ್ಟು ಸಲೀಸಾಗಿದೆ ಅಂದರೆ, ಹಬ್ಬದ ವಿಷಯ ಹೇಳುತ್ತಿರುವ ಹಾಗಿದೆ. ನಮ್ಮಲ್ಲಿ ಇಷ್ಟು ಜನರನ್ನು ಕೊಲ್ಲುವ ಸಿಡುಬು ಇಲ್ಲಿ ಏನೂ ಮಾಡುವುದಿಲ್ಲ, ಅದಕ್ಕೆ ಕಾರಣ ಇವರು ಇನ್‌ಗ್ರಾಫ್ಟಿಂಗ್ ಎಂದು ಕರೆಯುವ ಕೆಲಸ ಎಂದು ಶುರುಮಾಡುತ್ತಾರೆ. ಇದಕ್ಕೆಂದೇ ಮುದುಕಿಯರಿದ್ದಾರೆ. ಸೆಪ್ಟೆಂಬರ್‌ನಲ್ಲಿ ಬಿಸಿಲಿನ ಝಳ ಇಳಿದ ಮೇಲೆ ಕೆಲಸ ಶುರು. ನಿಮ್ಮ ಮನೆಯಲ್ಲಿ ಈ ಸಲ ಯಾರಾದರೂ ಸಿಡುಬು ಹಾಕಿಸಿಕೊಳ್ಳುತ್ತಾರಾ ಎಂದು ಮನೆಯಿಂದ ಮನೆಗೆ ಕೇಳಿಕಳಿಸುತ್ತಾರೆ. ಹದಿನೈದು ಹದಿನಾರು ಜನ ಒಂದು ಕಡೆ ಸೇರುತ್ತಾರೆ. ಮುದುಕಿ ಚಿಕ್ಕ ಕಾಯಿಯ ಚಿಪ್ಪಿನಲ್ಲಿ ಒಳ್ಳೆಯ ಜಾತಿಯ ಸಿಡುಬಿನ ಕೀವು ತರುತ್ತಾಳೆ. ಎಲ್ಲಿ ಚುಚ್ಚಲಿ ಅಂತ ಕೇಳಿ, ದೊಡ್ಡ ಸೂಜಿಯಿಂದ ಗೀರಿ, ಸೂಜಿಯ ತಲೆಯ ಮೇಲೆ ನಿಲ್ಲುವಷ್ಟು ಕೀವನ್ನು ಒಳಗಿಡುತ್ತಾಳೆ. ಏಳು ದಿನ ಮಕ್ಕಳು ಆಡಿಕೊಂಡಿರುತ್ತಾರೆ. ಎಂಟನೆಯ ದಿನ ಜ್ವರ ಬಂದು ಎರಡು ದಿನ ಮಲಗುತ್ತಾರೆ. ಮುಖದ ಮೇಲೆ ಇಪ್ಪತ್ತು ಮೂವತ್ತು ಬೊಕ್ಕೆ ಏಳುವುದೂ ಅಪರೂಪ, ಕಲೆ ಉಳಿಯುವುದಿಲ್ಲ.

‘ಒಳ್ಳೆಯ ಜಾತಿಯ’ ಎಂಬ ಮಾತನ್ನು ಗಮನಿಸಿ. ಹಗುರವಾಗಿ ಬಂದವರ ಬೊಕ್ಕೆಯಿಂದಲೇ ಕೀವು ಆರಿಸಬೇಕು ಎಂಬ ತಿಳಿವಳಿಕೆ ಆ ಮುದುಕಿಯರಿಗಿತ್ತು. ಅವರ ಹೆಸರು ಯಾವುದೂ ಪತ್ರದಲ್ಲಿಲ್ಲ. ನನಗೆ ಅದು ಬಹಳ ಬೇಸರದ ವಿಷಯ.

ಇದನ್ನು ಇಂಗ್ಲೆಂಡಿನ ಡಾಕ್ಟರುಗಳಿಗೂ ಬರೆಯಬಹುದಿತ್ತು, ಆದರೆ ಜನರ ಒಳಿತಿಗಾಗಿ ತಮ್ಮ ಆದಾಯ ಬಿಟ್ಟುಕೊಡುವ ಡಾಕ್ಟರ್ ಒಬ್ಬರೂ ಗೊತ್ತಿಲ್ಲ ಎಂದು ಲೇಡಿ ಮೇರಿ ಖಾರವಾಗಿ ಬರೆದಿದ್ದಾರೆ. ಒಂದು ಎಚ್ಚರಿಕೆ ಬೇಕು. ತುರ್ಕಿಯಿಂದ ಬರೆದ ಪತ್ರಗಳನ್ನು ಅವರು ಆಮೇಲೆ ತಾವೇ ತಿದ್ದಿ ಜೋಡಿಸಿದರು. ಅವು ಅಚ್ಚಾದದ್ದು 1763ರಲ್ಲಿ, ಅವರು ತೀರಿಕೊಂಡ ಮರುವರ್ಷ. ಹಾಗಾಗಿ ನಾವು ಓದುವುದು ಅವತ್ತು ಅಂಚೆಗೆ ಹೋದ ಹಾಳೆಯ ಮಾತನ್ನೇ ಎನ್ನುವಂತಿಲ್ಲ.

ಗಂಡನಿಗೆ ಬರೆದ ಇನ್ನೊಂದು ಪತ್ರ ಬೇರೆ ಥರದ್ದು. ಚಿಕ್ಕದು, ಅವಸರದ್ದು. ನನಗೆ ಇದೇ ಜಾಸ್ತಿ ಇಷ್ಟ. 1718ರ ಮಾರ್ಚ್‌ನಲ್ಲಿ ಗಂಡ ಕೆಲಸದ ಮೇಲೆ ದೂರವಿದ್ದಾಗ, ಸುಮಾರು ಐದು ವರ್ಷದ ಮಗನಿಗೆ ಲೇಡಿ ಮೇರಿ ಕಸಿ ಮಾಡಿಸಿದರು. ರಾಯಭಾರ ಕಚೇರಿಯ ವೈದ್ಯ ಚಾರ್ಲ್ಸ್ ಮೇಟ್ಲಂಡ್ ಅಲ್ಲಿದ್ದರು. ಗ್ರೀಕ್ ಮುದುಕಿಯ ತುಕ್ಕು ಹಿಡಿದ ಸೂಜಿಯಿಂದ ಹುಡುಗನಿಗೆ ನೋವಾಗಿದ್ದು ಕಂಡು, ಇನ್ನೊಂದು ತೋಳಿಗೆ ತಮ್ಮ ಸಲಕರಣೆಯಿಂದ ತಾವೇ ಗೀರಿದರು. ಕೆಲವು ದಿನದ ಮೇಲೆ ತಾಯಿ ಗಂಡನಿಗೆ ತಿಳಿಸಿದ್ದು ಇಷ್ಟು: ಮಂಗಳವಾರ ಹುಡುಗನಿಗೆ ಕಸಿ ಆಯಿತು, ಈಗ ಹಾಡುತ್ತ ಆಡುತ್ತ ರಾತ್ರಿಯೂಟಕ್ಕೆ ಅವಸರ ಮಾಡುತ್ತಿದ್ದಾನೆ, ಮುಂದಿನ ಪತ್ರದಲ್ಲೂ ಇಂಥದೇ ಸುದ್ದಿ ಬರೆಯುವ ಹಾಗೆ ದೇವರು ಮಾಡಲಿ. ಮಗಳಿಗೆ ಮಾಡಿಸಲು ಆಗುವುದಿಲ್ಲ, ಅವಳ ದಾದಿಗೆ ಇನ್ನೂ ಸಿಡುಬು ಬಂದಿಲ್ಲ.

ಕೊನೆಯ ಆ ವಾಕ್ಯ ಇಡೀ ಪದ್ಧತಿಯ ಅಪಾಯವನ್ನು ಹೇಳುತ್ತದೆ. ಕಸಿ ಮಾಡಿಸಿಕೊಂಡ ಮಗುವಿನಿಂದ ಪಕ್ಕದವರಿಗೆ ಸಿಡುಬು ಹರಡುತ್ತಿತ್ತು. ಮಗುವಿಗೆ ಹಗುರವಾಗಿ ಬಂದದ್ದು ಹಾಲೂಡಿಸುವ ದಾದಿಗೆ ಪೂರ್ತಿ ಜೋರಿನಲ್ಲಿ ಬರಬಹುದಿತ್ತು. ಆಗ ಇನ್ನೂ ಎಳೆಗೂಸಾಗಿದ್ದ ಮಗಳಿಗೆ ಕಸಿ ಆದದ್ದು 1721ರಲ್ಲಿ. ಲಂಡನ್‌ನಲ್ಲಿ ಸಿಡುಬು ಎದ್ದಿತ್ತು. ಮೇಟ್ಲಂಡ್ ಅವರೇ ಬೇರೆ ಡಾಕ್ಟರುಗಳ ಎದುರಿಗೆ ಮಾಡಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ನ್ಯೂಗೇಟ್ ಜೈಲಿನ ಆರು ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. ಒಪ್ಪಿಕೊಂಡರೆ ಬಿಡುಗಡೆ ಎಂಬ ಕರಾರು. ಆರೂ ಜನ ಉಳಿದರು. 1722ರಲ್ಲಿ ರಾಜಮನೆತನದ ಇಬ್ಬರು ಹುಡುಗಿಯರಿಗೂ ಆಯಿತು. ಆಮೇಲೆ ಲೇಡಿ ಮೇರಿ ತಂಗಿಗೆ ಬರೆದ ಪತ್ರದಲ್ಲಿ, ಊರಿಗೆ ಊರೇ ಮಕ್ಕಳಿಗೆ ಮಾಡಿಸುತ್ತಿದೆ, ಬಂದು ನೋಡಿ ಎಂದು ಎಲ್ಲರೂ ಎಳೆದಾಡುತ್ತಾರೆ, ತಪ್ಪಿಸಿಕೊಳ್ಳಲು ಹಳ್ಳಿಗೆ ಓಡಬೇಕಾಗಿದೆ ಎಂಬ ಗೋಳಿದೆ. ಮೊದಲ ಪತ್ರ ಪಡೆದ ಗೆಳತಿ ಸಾರಾ ಮಾತ್ರ 1726ರಲ್ಲಿ ಸಿಡುಬಿನಿಂದಲೇ ತೀರಿಕೊಂಡರು.

ಈ ವಿದ್ಯೆ ಇಂಗ್ಲಿಷರಿಗೆ ಗೊತ್ತಾದದ್ದು ಇವರೊಬ್ಬರಿಂದ ಅಂತಲ್ಲ. ಲಂಡನ್‌ನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ 1714ರಲ್ಲೇ ತುರ್ಕಿಯಿಂದ ವರದಿ ಬಂದಿತ್ತು. 1716ರಲ್ಲಿ ಬೋಸ್ಟನ್‌ನ ಪಾದ್ರಿ ಕಾಟನ್ ಮೇದರ್ ಅಲ್ಲಿಗೇ ಒಂದು ಪತ್ರ ಬರೆದರು. ತಮ್ಮ ಮನೆಯಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಆಫ್ರಿಕಾದಲ್ಲಿ ಹೀಗೆ ಮಾಡಿಸಿಕೊಂಡದ್ದನ್ನು ತಮಗೆ ವಿವರಿಸಿದ್ದಾನೆ ಎಂದು ಅದರಲ್ಲಿದೆ. ಆದರೆ ಲಂಡನ್‌ನಲ್ಲಿ ಯಾರೂ ಮುಂದೆ ಬಂದಿರಲಿಲ್ಲ. ತಾಯಿಯೊಬ್ಬರು ತಮ್ಮ ಮಕ್ಕಳನ್ನೇ ಮುಂದಿಟ್ಟ ಮೇಲೆ ಜನ ತಿರುಗಿ ನೋಡಿದರು.

ಅಪಾಯ ಎಷ್ಟು? ರಾಯಲ್ ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಜ್ಯೂರಿನ್ 1720ರ ದಶಕದಲ್ಲಿ ಊರೂರಿನ ಡಾಕ್ಟರುಗಳಿಂದ ಪತ್ರದ ಮೂಲಕವೇ ಲೆಕ್ಕ ತರಿಸಿದರು. ತಾನಾಗಿ ಸಿಡುಬು ಬಂದವರಲ್ಲಿ ಐದಾರು ಜನಕ್ಕೆ ಒಬ್ಬರು ಸಾಯುತ್ತಿದ್ದರು, ಕಸಿ ಮಾಡಿಸಿಕೊಂಡವರಲ್ಲಿ ಸುಮಾರು 50ಕ್ಕೆ ಒಬ್ಬರು. 50ಕ್ಕೆ ಒಂದು ಅಂದರೂ ಸ್ವಂತ ಮಗುವಿನ ಮುಂದೆ ಅದು ಸಣ್ಣ ಸಂಖ್ಯೆಯಲ್ಲ, ಅಲ್ವಾ? ಇಂಗ್ಲಿಷ್ ಡಾಕ್ಟರುಗಳು ಇದಕ್ಕೆ ತಮ್ಮ ಪದ್ಧತಿಯನ್ನೂ ಸೇರಿಸಿದರು. ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಅರೆಹೊಟ್ಟೆಯಲ್ಲಿ ಇಡುವುದು, ಆಳವಾಗಿ ಕೊಯ್ಯುವುದು. ಇದರಿಂದಲೇ ಜನ ಸಾಯುತ್ತಾರೆ ಎಂದು 1722ರಲ್ಲಿ ಲೇಡಿ ಮೇರಿ ಹೆಸರು ಮರೆಸಿ ಪತ್ರಿಕೆಗೆ ಬರೆದರು. ಮುದುಕಿಯರ ಹಾಗೆ ಮೇಲೆಮೇಲೆ ಗೀರಿದರೆ ಸಾಕು ಎಂಬ ರೀತಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದದ್ದು 1760ರ ದಶಕದಲ್ಲಿ, ಸಟನ್ ಮನೆತನದ ವೈದ್ಯರಿಂದ.

ಆ ಹೊತ್ತಿಗೆ ಪತ್ರವೇ ರೋಗ ಹೊರುತ್ತದೆ ಎಂಬ ಭಯವೂ ಇತ್ತು. 1764ರ ಏಪ್ರಿಲ್‌ನಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆ್ಯಡಮ್ಸ್ ಬೋಸ್ಟನ್‌ನಲ್ಲಿ ಕಸಿ ಮಾಡಿಸಿಕೊಂಡು ಮಲಗಿದ್ದರು. ಮದುವೆಯಾಗಲಿದ್ದ ಅಬಿಗೇಲ್‌ಗೆ ಅಲ್ಲಿಂದಲೇ ಬರೆಯುತ್ತಿದ್ದರು. ಆ ಪತ್ರಗಳಿಗೆ ಹೊಗೆ ಹಾಕದೆ ಯಾರೂ ಮುಟ್ಟುವಂತಿರಲಿಲ್ಲ. ಎಷ್ಟು ಹೊಗೆ ಹಾಕಿದರೂ ಅಮ್ಮನಿಗೆ ಸಮಾಧಾನವಿಲ್ಲ, ಆಳು ಪತ್ರಕ್ಕೆ ಹೊಗೆ ಹಾಕುವಾಗ ಗೂಡು ಕಳಕೊಂಡ ಹಕ್ಕಿಯ ಹಾಗೆ ನಾನು ಸುತ್ತುತ್ತೇನಂತೆ ಎಂದು ಅಬಿಗೇಲ್ ಬರೆದರು. 1776ರ ಜುಲೈನಲ್ಲಿ ಗಂಡ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯ ಘೋಷಣೆಯ ಕೆಲಸದಲ್ಲಿದ್ದಾಗ, ಅಬಿಗೇಲ್ ಮಕ್ಕಳನ್ನು ಕಟ್ಟಿಕೊಂಡು ಬೋಸ್ಟನ್‌ಗೆ ಹೋಗಿ ಎಲ್ಲರಿಗೂ ಕಸಿ ಮಾಡಿಸಿದರು. ಮಗ ಚಾರ್ಲ್ಸ್ ಬಹಳ ನರಳಿ ಉಳಿದುಕೊಂಡ.

1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಕೀವನ್ನು ಬಳಸಿದರು. ಇದರಿಂದ ಸಿಡುಬು ಬರುತ್ತಿರಲಿಲ್ಲ, ಪಕ್ಕದವರಿಗೆ ಹರಡುತ್ತಲೂ ಇರಲಿಲ್ಲ. ‘ವ್ಯಾಕ್ಸಿನೇಷನ್’ ಎಂಬ ಪದ ಹುಟ್ಟಿದ್ದು ಇದಕ್ಕಾಗಿ. ಹಾಗಂತ ಹಳೆಯ ಪದ್ಧತಿ ತಕ್ಷಣ ಹೋಗಲಿಲ್ಲ. ಬ್ರಿಟನ್ ಅದನ್ನು ಕಾನೂನು ಮಾಡಿ ನಿಲ್ಲಿಸಿದ್ದು 1840ರಲ್ಲಿ. ಹಾಗಾಗಿ 1796ಕ್ಕಿಂತ ಹಿಂದಿನ ಪತ್ರದಲ್ಲಿ ಮಗುವಿಗೆ ಇನಾಕ್ಯುಲೇಷನ್ ಆಯಿತು ಎಂದಿದ್ದರೆ ಆ ಮನೆಗೆ ಸಿಡುಬು ಬಂತು ಎಂದೇ ಓದಿಕೊಳ್ಳಬೇಕು. ಅಲ್ಲಿಂದ 1840ರ ತನಕ ಬರೆದ ಪತ್ರವಾದರೆ ಹಿಂದುಮುಂದಿನ ಸಾಲುಗಳಲ್ಲಿ ದನದ ಮಾತು ಇದೆಯೇ ಎಂದು ಹುಡುಕಿ ನೋಡಬೇಕು.